ಬಾರಾಮಹಲಿನ ಮನ್ರೋ ಸಾಹೇಬ

ನಮ್ಮ ಕಡೆಯ ರೈತರು ಜಮೀನಿನ ಪಟ್ಟಾವನ್ನು ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ನಡುವೆ ಜಮೀನ್ದಾರನಿಲ್ಲದೆ, ಸರ್ಕಾರವು ನೇರವಾಗಿ ರೈತನೊಡನೆಯೇ ಕಂದಾಯದ ಲೆಕ್ಕ ಇಡುವ ಪದ್ಧತಿಗೆ ರೈತವಾರಿ ಎಂದು ಹೆಸರು. ಅದು ಮೊಳಕೆಯೊಡೆದದ್ದು ನಮ್ಮ ಸೇಲಂ, ಧರ್ಮಪುರಿ ಸೀಮೆಯಲ್ಲಿ. ಅದರೊಡನೆ ಕೇಳಿಬರುವ ಹೆಸರು ಥಾಮಸ್ ಮನ್ರೋ.

ಮನ್ರೋ 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿದನು. ತಂದೆ ವರ್ತಕ. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಆತನ ವ್ಯಾಪಾರ ಮುರಿದುಬಿತ್ತು. ಮಗ 1780ರಲ್ಲಿ ಕಂಪನಿಯ ಸೈನ್ಯ ಸೇರಿ ಮದ್ರಾಸಿಗೆ ಬಂದು, ಹೈದರಾಲಿಯ ಮೇಲಿನ ಯುದ್ಧದಲ್ಲಿ ಹೋರಾಡಿದನು. ಎಲ್ಲಿಯ ಅಮೆರಿಕ, ಎಲ್ಲಿಯ ಧರ್ಮಪುರಿ!

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟೀಪು ಸುಲ್ತಾನನು ಬಾರಾಮಹಲನ್ನು ಕಂಪನಿಗೆ ಬಿಟ್ಟುಕೊಟ್ಟನು. ಹೊಸೂರು ಮಾತ್ರ 1799ರವರೆಗೆ ಮೈಸೂರಿನಲ್ಲೇ ಉಳಿಯಿತು. ದೇಶಭಾಷೆ ಬಲ್ಲ ಸಿವಿಲ್ ಅಧಿಕಾರಿಗಳು ಸಿಗದೆ, ಅಲೆಗ್ಸಾಂಡರ್ ರೀಡ್ ಎಂಬ ಸೈನ್ಯಾಧಿಕಾರಿಗೇ ಕಂದಾಯದ ಕೆಲಸ ವಹಿಸಿದರು. ಆತನ ಸಹಾಯಕರಲ್ಲಿ ಮನ್ರೋ ಒಬ್ಬನು. ಏಳು ವರ್ಷ ಇಲ್ಲಿದ್ದು, ಊರೂರು ಅಲೆದು, ಹೊಲಗಳ ಅಳತೆ ಮಾಡಿಸಿದನು. ಧರ್ಮಪುರಿಯಲ್ಲಿ ತಾನೇ ಬೆಳೆಸಿದ ತೋಟವನ್ನು ಬಿಟ್ಟುಹೋಗುವಾಗ ಬಹಳ ನೊಂದುಕೊಂಡನಂತೆ.

ಹಾಗಾದರೆ ರೈತವಾರಿಯ ಜನಕ ಯಾರು? ಮೊದಲು ನೇಗಿಲು ಹೂಡಿದವನು ರೀಡ್ ಎಂದೇ ನನ್ನ ಎಣಿಕೆ. ಹೆಸರು ಮಾತ್ರ ಶಿಷ್ಯನಿಗೆ ಹೋಯಿತು. ವಿಚಿತ್ರವೆಂದರೆ, ಇವರಿಬ್ಬರೂ ಹೋದ ಮೇಲೆ, 1802ರಿಂದ, ಇದೇ ಸೀಮೆಯನ್ನು ಮಿಟ್ಟಾಗಳಾಗಿ ಹಂಚಿ ಹರಾಜು ಹಾಕಿದರು. ಅನೇಕ ಮಿಟ್ಟಾದಾರರು ಹಣ ಕಟ್ಟಲಾರದೆ ಸೋತರು.

ಅಷ್ಟರಲ್ಲಿ ಮನ್ರೋ ಬಳ್ಳಾರಿ, ಕಡಪ, ಅನಂತಪುರಗಳ ಸೀಮೆಯಲ್ಲಿದ್ದನು. ಅಲ್ಲಿಯ ಕಂದಾಯ ಭಾರವಾಯಿತು, ನೂರಕ್ಕೆ 25ರಷ್ಟು ಇಳಿಸಿರಿ ಎಂದು 1807ರಲ್ಲಿ ಬರೆದನು. ಸರ್ಕಾರ ಒಪ್ಪಲಿಲ್ಲ. 1820ರಲ್ಲಿ ಆತನೇ ಮದ್ರಾಸಿನ ಗವರ್ನರ್ ಆದ ಮೇಲೆ ರೈತವಾರಿಯೂ ಬಂತು, ಇಳಿಕೆಯೂ ಬಂತು. ಆದರೂ ಆತ ರೈತಬಂಧುವೋ, ಕಂಪನಿಯ ಬೊಕ್ಕಸ ತುಂಬಿದ ಜಾಣನೋ ಎಂಬ ಚರ್ಚೆ ಮುಗಿದಿಲ್ಲ. ಭಾರ ಹೊರಿಸಿದವರಲ್ಲಿ ಆತನೂ ಒಬ್ಬನಲ್ಲವೇ?

ವಿದ್ಯಾರ್ಥಿಗಳಿಗೆ ಇನ್ನೊಂದು ಸಂಗತಿ ಹೇಳಬೇಕು. 1822ರಲ್ಲಿ ಮನ್ರೋ ಇಡೀ ಪ್ರಾಂತ್ಯದ ಶಾಲೆಗಳನ್ನು ಎಣಿಸಲು ಆಜ್ಞೆ ಮಾಡಿದನು. 12,498 ಶಾಲೆಗಳು ಲೆಕ್ಕಕ್ಕೆ ಸಿಕ್ಕವು. ಸರ್ಕಾರ ಕಟ್ಟಿಸಿದವಲ್ಲ, ಊರವರೇ ಅಯ್ಯನವರಿಗೆ ಕಾಳು, ಕಾಸು ಕೊಟ್ಟು ನಡೆಸುತ್ತಿದ್ದವು. ಬಳ್ಳಾರಿ ಜಿಲ್ಲೆಯೊಂದರ 533 ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು! ಆಗ ವಿದ್ಯೆ ಸಮೃದ್ಧವಾಗಿತ್ತು ಎಂದು ಕೆಲವರು ಈ ಲೆಕ್ಕವನ್ನೇ ತೋರಿಸುತ್ತಾರೆ. ಶಾಲೆಗೆ ಹೋಗುವ ಹೆಣ್ಣುಮಕ್ಕಳು ಎಷ್ಟು ಕಡಿಮೆಯಿದ್ದರೆಂದು ಇನ್ನು ಕೆಲವರು ಅದನ್ನೇ ತೋರಿಸುತ್ತಾರೆ. ಲೆಕ್ಕ ಎರಡನ್ನೂ ಹೇಳುತ್ತದೆ. ಮನ್ರೋ ಜಿಲ್ಲೆ, ತಾಲ್ಲೂಕುಗಳಿಗೆ ಸರ್ಕಾರಿ ಶಾಲೆಗಳ ಯೋಜನೆ ಹಾಕಿದನು. ಅದು ಬೇರೂರುವ ಮೊದಲೇ, ಊರಿಗೆ ಹಿಂದಿರುಗುವ ಮುನ್ನ ತನ್ನ ಹಳೆಯ ಸೀಮೆಯನ್ನು ಕಡೆಯ ಸಲ ನೋಡಲು ಹೊರಟವನು, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು.