ಬಿಸಿಯ ಲೆಕ್ಕ ಬರೆದ ಬಿಯರ್ ವ್ಯಾಪಾರಿಯ ಮಗ

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಓದುವ ನಮಗೆ ಜೂಲ್ ಎಂದರೆ ಒಂದು ಸೂತ್ರ, ಪರೀಕ್ಷೆಗೆ ಎರಡು ಅಂಕ, ಅಷ್ಟೇ. ಆ ಹೆಸರಿನ ಮನುಷ್ಯ ಯಾರು ಎಂದು ನಾನು ಹುಡುಕಿ ಓದಿದ್ದು ಈಚೆಗೆ, ನಮ್ಮ ಮನೆಯ ಗೀಸರ್‌ನ ಎಂಸಿಬಿ ಕಡೆಯಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ ಬರತೊಡಗಿದ ಮೇಲೆ.

ಜೇಮ್ಸ್ ಪ್ರೆಸ್ಕಾಟ್ ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ಅಪ್ಪನದು ಬಿಯರ್ ತಯಾರಿಸುವ ಕಾರ್ಖಾನೆ. ಹುಡುಗನ ಆರೋಗ್ಯ ಅಷ್ಟಕ್ಕಷ್ಟೆ, ಹಾಗಾಗಿ ಮನೆಯಲ್ಲೇ ಪಾಠ. ಅಣ್ಣನ ಜೊತೆ ಕೆಲಕಾಲ ಕಲಿತದ್ದು ಮಾತ್ರ ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಬಳಿ! ಕಾಲೇಜಿನ ಡಿಗ್ರಿ ಅವನಿಗಿರಲಿಲ್ಲ. ಕಾರ್ಖಾನೆಯ ಕೆಲಸ ಮುಗಿಸಿ ಉಳಿದ ಹೊತ್ತು ಮನೆಯ ಪ್ರಯೋಗಾಲಯದಲ್ಲಿ ಕಳೆಯುತ್ತಿದ್ದ.

ಅವನಿಗೆ ಮೊದಲು ಬಂದದ್ದು ವ್ಯಾಪಾರಿಯ ಪ್ರಶ್ನೆ. ಉಗಿಯಂತ್ರದ ಬದಲು ಬ್ಯಾಟರಿಯಿಂದ ಓಡುವ ಮೋಟಾರ್ ಹಾಕಿದರೆ ಖರ್ಚು ಉಳಿಯುತ್ತದೆಯೇ? ಉಳಿಯಲಿಲ್ಲ. ಕಲ್ಲಿದ್ದಲಿಗಿಂತ ಬ್ಯಾಟರಿಯ ಸತು ದುಬಾರಿ. ಆದರೆ ಆ ಲೆಕ್ಕದ ನಡುವೆ ವೈರು ಬಿಸಿಯಾಗುವುದು ಅವನ ತಲೆ ಹೊಕ್ಕಿತು. 1840ರಲ್ಲಿ, 21ರ ವಯಸ್ಸಿನಲ್ಲಿ, ವೈರನ್ನು ಗಾಜಿನ ಕೊಳವೆಗೆ ಸುತ್ತಿ, ನೀರಿನ ಜಾಡಿಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರಿನಲ್ಲಿ ನೋಡುತ್ತ ಕೂತ. ಸಿಕ್ಕ ಉತ್ತರ ಇದು: ಬಿಸಿ ಹೆಚ್ಚುವುದು ವೈರಿನ ಪ್ರತಿರೋಧಕ್ಕೆ ತಕ್ಕಂತೆ, ಮತ್ತು ಕರೆಂಟಿನ ವರ್ಗಕ್ಕೆ ತಕ್ಕಂತೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ರಾಯಲ್ ಸೊಸೈಟಿ ಇದರ ಸಾರಾಂಶವನ್ನಷ್ಟೇ ಅಚ್ಚು ಹಾಕಿತು. ಪೂರ್ತಿ ಲೇಖನ ಬಂದದ್ದು ಮರುವರ್ಷ, ಬೇರೆ ಪತ್ರಿಕೆಯಲ್ಲಿ.

ಇದನ್ನು ಓದಿದಾಗ ನಮ್ಮ ಡಿಬಿ ಬಾಕ್ಸ್ ನನಗೆ ಅರ್ಥವಾಯಿತು. 3 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆ್ಯಂಪ್ ಎಳೆಯುತ್ತದೆ. ಎಂಸಿಬಿಯ ಸ್ಕ್ರೂ ಸಡಿಲವಾಗಿ ಅಲ್ಲಿ ಬರೀ 0.1 ಓಮ್ ಪ್ರತಿರೋಧ ಹುಟ್ಟಿಕೊಂಡರೂ, 13ರ ವರ್ಗವನ್ನು 0.1ರಿಂದ ಗುಣಿಸಿ ನೋಡಿ: 17 ವ್ಯಾಟ್. ನಾವು ಬಳಸುವ ಸಣ್ಣ ಸೋಲ್ಡರಿಂಗ್ ಐರನ್ನೇ 25 ವ್ಯಾಟಿನದು! ಬಿಸಿಗೆ ತಾಮ್ರ ಕಪ್ಪಾಗುತ್ತದೆ, ಪ್ರತಿರೋಧ ಇನ್ನೂ ಏರುತ್ತದೆ, ಬಿಸಿಯೂ ಏರುತ್ತದೆ. ಕರೆಂಟ್ ಮಾತ್ರ ಹೆಚ್ಚಾಗಿಲ್ಲವಾದ್ದರಿಂದ ಎಂಸಿಬಿ ಬೀಳದೆಯೂ ಇರಬಹುದು. ಇಲ್ಲವೇ ಆ ಬಿಸಿ ಒಳಗಿನ ಬೈಮೆಟಲ್ ಪಟ್ಟಿಗೆ ತಗುಲಿ ಸುಮ್ಮಸುಮ್ಮನೆ ಬೀಳಬಹುದು. ನಮ್ಮಲ್ಲಿ ಎರಡನೆಯದೂ ಆಗುತ್ತಿತ್ತು. ನೋಡಲು ಬಂದವರೊಬ್ಬರು 32 ಆ್ಯಂಪಿನದು ಹಾಕಿಬಿಡಿ ಎಂದು ಸಲಹೆ ಕೊಟ್ಟು ಹೋದರು. ಸಡಿಲ ಸ್ಕ್ರೂ ಹಾಗೇ ಉಳಿದು, ವೈರನ್ನು ಕಾಯುವ ಕಾವಲೂ ಹೋಗುತ್ತಿತ್ತು.

ಅಪ್ಪ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದರು. ಟಾರ್ಚ್ ಹಿಡಿದು ನಿಂತದ್ದು ನಾನು. ಅವರು ಮೇನ್ ಆಫ್ ಮಾಡಿದ ಮೇಲೂ ಅದರ ಮೇಲ್ಭಾಗದ ಟರ್ಮಿನಲ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆಂದು ತೋರಿಸಿ, ಆ ಕಡೆ ಕೈ ಒಯ್ಯಲಿಲ್ಲ. ಟೆಸ್ಟ್ ಲ್ಯಾಂಪ್ ಮೊದಲು ಕರೆಂಟ್ ಇರುವಲ್ಲಿ ಹಿಡಿದು ಸರಿಯಿದೆಯೆಂದು ಖಚಿತಪಡಿಸಿಕೊಂಡು, ಆಮೇಲೆ ಗೀಸರ್ ಲೈನನ್ನು ಪರೀಕ್ಷಿಸಿದರು. ವೈರಿನ ತುದಿ ಕಂದಿತ್ತು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿದರು. ಉದ್ದ ಸಾಲದಿದ್ದರೆ ಹೊಸ ವೈರೇ ಎಳೆಯಬೇಕು, ಟೇಪ್ ಸುತ್ತಿದ ಜಾಯಿಂಟ್ ಬೇಡವೆಂದರು. ನಮ್ಮಲ್ಲಿ ಸಾಕಾಯಿತು. ಸುಟ್ಟ ಎಂಸಿಬಿ ತೆಗೆದು ಅದೇ 20 ಆ್ಯಂಪಿನ ಹೊಸದು ಹಾಕಿ, 4 ಚದರ ಮಿ.ಮೀ. ವೈರಿನ ಎಳೆಗಳೆಲ್ಲ ಒಳಗೆ ಕೂರುವಂತೆ, ಪ್ಲಾಸ್ಟಿಕ್ ಹೊದಿಕೆ ಸ್ಕ್ರೂ ಅಡಿಗೆ ಸಿಗದಂತೆ ಬಿಗಿ ಮಾಡಿದರು. ನ್ಯೂಟ್ರಲ್ ಲಿಂಕಿನ ಸ್ಕ್ರೂಗಳನ್ನೂ ಬಿಡಲಿಲ್ಲ. ಹೆಚ್ಚಿನವರು ಮರೆಯುವುದು ಅದನ್ನೇ.

ಜೂಲ್ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಕೆಲಸವೇ ಬಿಸಿಯಾಗಿ ಬದಲಾಗುತ್ತದೆ ಎಂದು 1843ರಲ್ಲಿ ಕಾರ್ಕ್ ನಗರದ ಸಭೆಯಲ್ಲಿ ಹೇಳಿದಾಗ ವಿಜ್ಞಾನಿಗಳು ಕಿವಿಗೊಡಲಿಲ್ಲ. ಆತ ಬೀಳುವ ತೂಕಗಳಿಂದ ನೀರಿನೊಳಗೆ ರೆಕ್ಕೆಚಕ್ರ ತಿರುಗಿಸಿ ಮತ್ತೆ ಮತ್ತೆ ಅಳೆದ. 1847ರಲ್ಲಿ ಆಕ್ಸ್‌ಫರ್ಡ್ ಸಭೆಯಲ್ಲಿ ಯುವಕ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು, ಕುತೂಹಲ ತಾಳಿದ. ಅಲ್ಲಿಂದ ದಿನಗಳು ಬದಲಾದವು. ಅದೇ ವರ್ಷ ಮದುವೆ. ಏಳು ವರ್ಷಕ್ಕೆ ಹೆಂಡತಿ ಅಮೆಲಿಯಾ ತೀರಿಕೊಂಡಳು, ಆತ ಮತ್ತೆ ಮದುವೆಯಾಗಲಿಲ್ಲ. 1870ರಲ್ಲಿ ರಾಯಲ್ ಸೊಸೈಟಿಯ ಕಾಪ್ಲೆ ಪದಕ ಬಂತು. ಒಂದು ಕಾಲಕ್ಕೆ ಅವನ ಲೇಖನವನ್ನು ಪೂರ್ತಿ ಅಚ್ಚು ಹಾಕದ ಸಂಸ್ಥೆ ಅದೇ. ಕೊನೆಗಾಲಕ್ಕೆ ಹಣ ಕರಗಿ, 1878ರಿಂದ ಸರ್ಕಾರದ ಪಿಂಚಣಿಯಲ್ಲಿ ಬದುಕಿದ.

1889ರ ಅಕ್ಟೋಬರ್ 11ರಂದು ಸೇಲ್ ಎಂಬ ಊರಿನಲ್ಲಿ ತೀರಿಕೊಂಡ. ಅಲ್ಲಿನ ಸಮಾಧಿಯ ಕಲ್ಲಿನ ಮೇಲೆ 772.55 ಎಂದು ಕೊರೆದಿದ್ದಾರೆ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಒಂದು ಪೌಂಡ್ ತೂಕ ಎಷ್ಟು ಅಡಿ ಬೀಳಬೇಕು ಎಂದು ಆತ ಅಳೆದು ಕಂಡುಕೊಂಡ ಸಂಖ್ಯೆ ಅದು.