ಕೊನೆಯ ಅಂಕಿಯ ಗುಟ್ಟು ಬಿಡಿಸಿದ ಡಿರಿಕ್ಲೆ



100ಕ್ಕಿಂತ ಚಿಕ್ಕದಾದ ಅವಿಭಾಜ್ಯ ಸಂಖ್ಯೆಗಳು 25 ಇವೆ. ಅವುಗಳ ಬಿಡಿ ಸ್ಥಾನವನ್ನು ಗಮನಿಸಿದ್ದೀರಾ? 2 ಮತ್ತು 5ನ್ನು ಬದಿಗಿಡಿ. ಉಳಿದ 23 ಸಂಖ್ಯೆಗಳಲ್ಲಿ 1ರಿಂದ ಕೊನೆಗೊಳ್ಳುವವು 5, 3ರಿಂದ 7, 7ರಿಂದ 6, 9ರಿಂದ 5. ಬೇರೆ ಅಂಕಿ ಬರುವುದೇ ಇಲ್ಲ. ಏಕೆಂದರೆ ಬಿಡಿ ಸ್ಥಾನದಲ್ಲಿ 0, 2, 4, 6, 8 ಇದ್ದರೆ ಸಂಖ್ಯೆಯು 2ರಿಂದ, 5 ಇದ್ದರೆ 5ರಿಂದ ಭಾಗವಾಗುತ್ತದೆ.

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ತೋರಿಸಿದ್ದರು. ಆದರೆ ಈ ನಾಲ್ಕು ಸಾಲುಗಳೂ ಮುಗಿಯದೆ ಸಾಗುತ್ತವೆಯೇ? ಮುಂದೆಲ್ಲೋ 7ರ ಸಾಲು ನಿಂತುಹೋದರೆ? ಲಕ್ಷ ಸಂಖ್ಯೆಗಳನ್ನು ಪರೀಕ್ಷಿಸಿದರೂ ಮುಂದಿನದನ್ನು ಹೇಳಲಾಗದು. ಅದಕ್ಕೆ ಸಾಧನೆಯೇ ಬೇಕು. ಫ್ರಾನ್ಸಿನ ಲೆಜಾಂಡ್ರ್ ಪ್ರಯತ್ನಿಸಿದರು. ಅವರ ಸಾಧನೆ ಪೂರ್ಣವಾಗಲಿಲ್ಲ. ಅದನ್ನು ಪೂರ್ಣಗೊಳಿಸಿದವರು ಪೀಟರ್ ಗುಸ್ತಾವ್ ಲೆಜೂನ್ ಡಿರಿಕ್ಲೆ.

ಡಿರಿಕ್ಲೆ 1805ರ ಫೆಬ್ರವರಿ 13ರಂದು ಈಗಿನ ಜರ್ಮನಿಯ ಡ್ಯೂರೆನ್ ಪಟ್ಟಣದಲ್ಲಿ ಜನಿಸಿದರು. ತಂದೆ ಅಂಚೆ ಇಲಾಖೆಯ ಅಧಿಕಾರಿ. ಮಗ ವ್ಯಾಪಾರಿಯಾಗಲಿ ಎಂಬುದು ಹೆತ್ತವರ ಆಸೆ. ಮಗನಾದರೋ ಕೈಖರ್ಚಿನ ಹಣದಲ್ಲಿ ಗಣಿತದ ಪುಸ್ತಕ ಕೊಳ್ಳುತ್ತಿದ್ದ! 1822ರಲ್ಲಿ ಉನ್ನತ ಗಣಿತ ಕಲಿಯಲು ಅವರು ಪ್ಯಾರಿಸ್‌ಗೆ ಹೋದರು. ಅಲ್ಲಿ ಜನರಲ್ ಫೋಯ್ ಎಂಬುವರ ಮನೆಯಲ್ಲಿದ್ದು, ಅವರ ಮಕ್ಕಳಿಗೆ ಜರ್ಮನ್ ಭಾಷೆ ಕಲಿಸುತ್ತಾ ಅಧ್ಯಯನ ನಡೆಸಿದರು. ಗೌಸ್ ಬರೆದ ಸಂಖ್ಯಾಶಾಸ್ತ್ರದ ಗ್ರಂಥವು ಸದಾ ಅವರ ಜೊತೆಗಿರುತ್ತಿತ್ತು. ಮುಂದೆ ಬರ್ಲಿನ್ನಿನಲ್ಲಿ ಸುಮಾರು 27 ವರ್ಷ ಪಾಠ ಹೇಳಿದರು.

1837ರಲ್ಲಿ ಅವರು ತಮ್ಮ ಪ್ರಸಿದ್ಧ ಸಾಧನೆಯನ್ನು ಬರ್ಲಿನ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಅದರ ತಿರುಳು ಹೀಗಿದೆ. 7ರ ಸಾಲಿನಿಂದ 1/7, 1/17, 1/37, 1/47... ಎಂಬ ಭಿನ್ನರಾಶಿಗಳನ್ನು ಕೂಡುತ್ತಾ ಹೋಗಿ. ಮೊತ್ತ ಬಹಳ ನಿಧಾನವಾಗಿ ಬೆಳೆಯುತ್ತದೆ. ಆದರೂ ನೀವು ಯಾವ ಮಿತಿ ಹೇಳಿದರೂ ಒಂದು ದಿನ ಅದನ್ನು ದಾಟುತ್ತದೆ. ಸಾಲು ಎಲ್ಲಾದರೂ ನಿಂತಿದ್ದರೆ ಮೊತ್ತವೂ ಅಲ್ಲಿಗೇ ನಿಲ್ಲಬೇಕಿತ್ತಲ್ಲವೇ? ಮೊತ್ತ ನಿಲ್ಲುವುದಿಲ್ಲ, ಆದ್ದರಿಂದ ಸಾಲೂ ನಿಲ್ಲುವುದಿಲ್ಲ!

ಈ ಸಾಧನೆಗೆ ನೆರವಾದದ್ದು ಒಂದು ಸುಂದರ ಗುಣ. 1, 3, 7, 9 ಒಂದೇ ಕುಟುಂಬದಂತೆ. ಯಾವ ಎರಡನ್ನು ಗುಣಿಸಿದರೂ ಬಿಡಿ ಸ್ಥಾನದಲ್ಲಿ ಇವುಗಳಲ್ಲೇ ಒಂದು ಬರುತ್ತದೆ. 3 × 7 = 21, 7 × 9 = 63. 3ನ್ನು 3ರಿಂದಲೇ ಗುಣಿಸುತ್ತಾ ಹೋದರೆ 3, 9, 27, 81 ಬಂದು ನಾಲ್ಕೂ ಅಂಕಿಗಳು ಕಾಣಿಸಿಕೊಳ್ಳುತ್ತವೆ.

ಡಿರಿಕ್ಲೆಯವರ ಪ್ರಮೇಯ ಒಂದಂಕಿಗೆ ಮುಗಿಯುವುದಿಲ್ಲ. ಕೊನೆಗೆ 77 ಬೇಕೇ? 277, 577, 677 ಇವೆ. ಬಿಡಿ ಸ್ಥಾನದಲ್ಲಿ 1, 3, 7 ಅಥವಾ 9 ಇರುವಂತೆ ನೂರು ಅಂಕಿಗಳ ತುದಿಯನ್ನು ಆರಿಸಿದರೂ ಸರಿ, ಅದೇ ತುದಿಯ ಅವಿಭಾಜ್ಯ ಸಂಖ್ಯೆಗಳು ಮುಗಿಯದಷ್ಟಿವೆ.

1855ರಲ್ಲಿ ಗೌಸ್ ತೀರಿಕೊಂಡಾಗ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಅವರ ಸ್ಥಾನಕ್ಕೆ ಡಿರಿಕ್ಲೆ ಬಂದರು. ಯಾರ ಗ್ರಂಥವನ್ನು ಹೊತ್ತು ತಿರುಗಿದ್ದರೋ ಅವರ ಪೀಠವೇ ದೊರೆಯಿತು. ಹೃದಯದ ಕಾಯಿಲೆಯಿಂದ ಬಳಲಿದ ಅವರು 1859ರ ಮೇ 5ರಂದು ನಿಧನರಾದರು. ಅವರ ಪಾಠಗಳನ್ನು ಡೆಡೆಕಿಂಡ್ 1863ರಲ್ಲಿ ಪುಸ್ತಕವಾಗಿ ಹೊರತಂದರು.

ನೀವೂ ಮಾಡಿ ನೋಡಿ: 49ರಿಂದ ಕೊನೆಗೊಳ್ಳುವ ಅವಿಭಾಜ್ಯ ಸಂಖ್ಯೆಗಳು 1000ದೊಳಗೆ ಮೂರೇ ಇವೆ. ಹುಡುಕಿ. ನಂತರ ಸಾವಿರವನ್ನು ದಾಟಿ ನಾಲ್ಕನೆಯದನ್ನು ಹುಡುಕಿ. ಅದು ಇದ್ದೇ ಇದೆ!