ಪದದ ಜಾಡು ಅಳಿಸದ ಕಿಟ್ಟೆಲ್

ಕನ್ನಡಕ್ಕೆ ದುಡಿದ ಹಿರಿಯರನ್ನು ಪರಿಚಯಿಸುವ ಈ ಅಂಕಣದಲ್ಲಿ ಈ ಬಾರಿ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಅವರನ್ನು ನೆನೆಯುತ್ತಿದ್ದೇವೆ. ಅವರ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ಆದರೆ ಅವರ ಕೆಲಸದ ಕ್ರಮ ಎಷ್ಟು ಇಂದಿನದು ಎಂಬುದು ಬಹಳ ಜನರಿಗೆ ತಿಳಿಯದು.

ನಮ್ಮ ಊರುಗಳ ಎಷ್ಟೋ ಮಕ್ಕಳು ಬೆಂಗಳೂರು, ಕೊಯಮತ್ತೂರಿನ ಕಂಪನಿಗಳಲ್ಲಿದ್ದಾರೆ. ರಜೆಗೆ ಬಂದಾಗ ಅವರ ಮಾತಿನಲ್ಲಿ ಟಾಸ್ಕ್, ರಿವಿಷನ್, ರೀವರ್ಕ್ ಎಂಬ ಪದಗಳೇ ಹೆಚ್ಚು. ಮುಗಿಯಿತೆಂದು ಗುರುತು ಹಾಕಿದ ಕೆಲಸ ತಿರುಗಿ ಬರುತ್ತದೆ. ಯಾರು ತಿದ್ದಿದರು, ಏನನ್ನು ತಿದ್ದಿದರು, ಏಕೆ ತಿದ್ದಿದರು ಎಂಬುದೆಲ್ಲ ಜೀರಾದಂಥ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಆ ದಾಖಲೆ ಇಲ್ಲದಿದ್ದರೆ ಒಬ್ಬರು ಸರಿಪಡಿಸಿದ್ದನ್ನು ಇನ್ನೊಬ್ಬರು ತಿಳಿಯದೆ ಕೆಡಿಸಿಬಿಡಬಹುದು. ಈ ಎಚ್ಚರವನ್ನು ಕಿಟ್ಟೆಲ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಾಗದ, ಮಸಿಯಲ್ಲೇ ಪಾಲಿಸಿದರು.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ. ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದರು. ಇದೇ ಮಿಷನ್ 1846ರಲ್ಲಿ ನಮ್ಮ ಕೇತ್ತಿಯಲ್ಲಿಯೂ ನೆಲೆ ಮಾಡಿತ್ತು. ಕಿಟ್ಟೆಲ್ ಅವರ ದುಡಿಮೆ ಮಾತ್ರ ಮುಖ್ಯವಾಗಿ ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ನಡೆಯಿತು. ಬಂದದ್ದು ಧರ್ಮಪ್ರಚಾರಕ್ಕಾದರೂ ಮನಸ್ಸು ನೆಟ್ಟದ್ದು ಹಳಗನ್ನಡದ ಗ್ರಂಥಗಳಲ್ಲಿ ಮತ್ತು ಜನರ ಆಡುಮಾತಿನಲ್ಲಿ. ಈ ಒಲವು ಮಿಷನ್ನಿನ ಎಲ್ಲರಿಗೂ ಹಿಡಿಸಲಿಲ್ಲ. ತಮ್ಮವರ ನಡುವೆಯೇ ಅವರು ಸ್ವಲ್ಪ ಹೊರಗಿನವರಾಗಿ ಬದುಕಿದರು. ಮೊದಲ ಪತ್ನಿ ಪೌಲೀನ್ 1864ರಲ್ಲಿ ತೀರಿಕೊಂಡರು. ಬಳಿಕ ಆಕೆಯ ತಂಗಿ ಜೂಲಿಯನ್ನು ವಿವಾಹವಾದರು.

ಕೇಶಿರಾಜನ ಶಬ್ದಮಣಿದರ್ಪಣವನ್ನು ಜಾನ್ ಗ್ಯಾರೆಟ್ 1868ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ಕೆಲಸ ಮುಗಿಯಿತೆಂದು ಬಿಡಬಹುದಿತ್ತು. ಕಿಟ್ಟೆಲ್ ಹಸ್ತಪ್ರತಿಗಳನ್ನು ಕೂಡಿಸಿ, ಪಾಠಗಳನ್ನು ಹೋಲಿಸಿ 1872ರಲ್ಲಿ ಅದನ್ನು ಮತ್ತೆ ಸಂಪಾದಿಸಿದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ಹೊರಬಂತು.

ನಿಘಂಟಿನ ಕಥೆಯೂ ಹೀಗೆಯೇ. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ, ಅಂದರೆ ಕಿಟ್ಟೆಲ್ ಹುಟ್ಟಿದ ವರ್ಷವೇ, ಬಂದಿತ್ತು. ಡೇನಿಯಲ್ ಸ್ಯಾಂಡರ್ಸನ್ ಅದನ್ನು ಪರಿಷ್ಕರಿಸಿ 1858ರಲ್ಲಿ ಪ್ರಕಟಿಸಿದರು. ಮೂರನೆಯ ಸುತ್ತಿನ ಕೆಲಸ ಕಿಟ್ಟೆಲ್ ಪಾಲಿಗೆ ಬಂತು. ಅದಕ್ಕೆ ಹಿಡಿದದ್ದು ಹೆಚ್ಚುಕಡಿಮೆ ಎರಡು ದಶಕ. 1877ರಲ್ಲಿ ತಾಯ್ನಾಡಿಗೆ ಮರಳಿದವರು ಈ ಕೆಲಸಕ್ಕಾಗಿ 1883ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಮತ್ತೆ ಬಂದರು. 1892ರವರೆಗೆ ಇಲ್ಲೇ ಇದ್ದರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ನಿಘಂಟು ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಗಾತ್ರ ದೊಡ್ಡದು, ನಿಜ. ಅದಕ್ಕಿಂತ ದೊಡ್ಡದು ಪ್ರತಿ ಪದದ ಪಕ್ಕದ ಪುಟ್ಟ ಗುರುತುಗಳು. ಈ ಅರ್ಥ ಶಬ್ದಮಣಿದರ್ಪಣದ್ದು, ಇದು ಬಸವಪುರಾಣದ್ದು, ಇದು ಮೈಸೂರು ಸೀಮೆಯ ಮಾತು, ಇದು ಧಾರವಾಡದ ಕಡೆಯದು, ಇದು ಗಾದೆಯಲ್ಲಿ ಬಂದದ್ದು ಎಂದು ಸಂಕ್ಷೇಪಾಕ್ಷರಗಳು ಹೇಳುತ್ತವೆ. ರೀವ್ ಅವರಿಂದ ಪಡೆದದ್ದಕ್ಕೆ ರೀವ್ ಅವರದೇ ಗುರುತು. ಅನುಮಾನವಿದ್ದ ಕಡೆ ಪ್ರಶ್ನಾರ್ಥಕ ಚಿಹ್ನೆ. ಹಳಬರ ಕೆಲಸವನ್ನು ನುಂಗಿಹಾಕಿ ಎಲ್ಲವೂ ತನ್ನದೆಂದು ತೋರಿಸುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಮುಂದೆ ತಿದ್ದುವವನಿಗೆ ಎಲ್ಲಿ ತಿದ್ದಬೇಕು, ಎಲ್ಲಿ ಕೈ ಹಾಕಬಾರದು ಎಂದು ತಿಳಿಯುವಂತೆ ಜಾಡು ಉಳಿಸಿದರು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ 1903ರಲ್ಲಿ ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ಅವರು ತೀರಿಕೊಂಡರು.

ಅವರು ಉಳಿಸಿದ ಜಾಡು ಕೆಲಸಕ್ಕೆ ಬಂದದ್ದು ನಮ್ಮ ತಮಿಳುನಾಡಿನಲ್ಲಿಯೇ. ಮದರಾಸು ವಿಶ್ವವಿದ್ಯಾಲಯದ ಪ್ರೊ. ಎಂ. ಮರಿಯಪ್ಪ ಭಟ್ಟರು ಕಿಟ್ಟೆಲ್ ನಿಘಂಟನ್ನು ಪರಿಷ್ಕರಿಸಿ, ವಿಸ್ತರಿಸಿ 1968ರಿಂದ 1971ರವರೆಗೆ 4 ಸಂಪುಟಗಳಲ್ಲಿ ತಂದರು. ಇನ್ನೊಂದು ಎಳೆ ನೀಲಗಿರಿಗೇ ಸೇರಿದ್ದು. 1930ರ ದಶಕದಲ್ಲಿ ಈ ಬೆಟ್ಟಗಳಲ್ಲಿದ್ದು ತೋದ, ಕೋತ ಭಾಷೆಗಳನ್ನು ಅಧ್ಯಯನ ಮಾಡಿದ ಎಂ. ಬಿ. ಎಮೆನೋ, ಥಾಮಸ್ ಬರೋ ಜೊತೆ ಸೇರಿ 1961ರಲ್ಲಿ ದ್ರಾವಿಡ ಪದಮೂಲ ಕೋಶ ಪ್ರಕಟಿಸಿದರು. ಅದರ ಕನ್ನಡ ಭಾಗಕ್ಕೆ ದೊಡ್ಡ ಆಧಾರ ಕಿಟ್ಟೆಲ್. 1984ರಲ್ಲಿ ಎರಡನೆಯ ಆವೃತ್ತಿ ಬಂದಾಗ ನಮೂದುಗಳ ಸಂಖ್ಯೆ ಬದಲಾಯಿತು. ಆದರೆ ನಮೂದಿನ ಕೊನೆಯಲ್ಲಿ ಹಳೆಯ ಆವೃತ್ತಿಯ ಸಂಖ್ಯೆಯನ್ನೂ ಕೊಟ್ಟರು. ಹಳೆಯ ಪುಸ್ತಕ ಹಿಡಿದವನು ಹೊಸದರಲ್ಲಿ ದಾರಿ ತಪ್ಪುವುದಿಲ್ಲ. ನಮ್ಮ ಮಕ್ಕಳು ಕಂಪ್ಯೂಟರಿನಲ್ಲಿ ನೋಡುವ ರಿವಿಷನ್ ಹಿಸ್ಟರಿ ಎಂದರೆ ಇದೇ ಅಲ್ಲವೇ?

ತಿದ್ದುಪಡಿ ಎಂದರೆ ಮೊದಲು ಮಾಡಿದವನ ಸೋಲು ಎಂಬ ಭಾವನೆ ನಮ್ಮಲ್ಲಿದೆ. ಕಿಟ್ಟೆಲ್ ಅವರ ಬದುಕು ಬೇರೆಯದನ್ನೇ ಕಲಿಸುತ್ತದೆ. ರೀವ್ ಇಲ್ಲದೆ ಕಿಟ್ಟೆಲ್ ಇಲ್ಲ, ಕಿಟ್ಟೆಲ್ ಇಲ್ಲದೆ ಮರಿಯಪ್ಪ ಭಟ್ಟರ ಸಂಪುಟಗಳಿಲ್ಲ. ಮರುಕೆಲಸ ವ್ಯರ್ಥವಾಗುವುದು ಅದರ ಲೆಕ್ಕ ಇಡದಿದ್ದಾಗ ಮಾತ್ರ.

ಗೂಡಲೂರು, ಮಸಿನಗುಡಿ ಕಡೆಯ ನಮ್ಮ ಕನ್ನಡಕ್ಕೆ ತಮಿಳು, ಮಲಯಾಳಂ ಎರಡರ ಒಡನಾಟವಿದೆ. ಅಜ್ಜಿ ಆಡುತ್ತಿದ್ದ ಎಷ್ಟೋ ಮಾತು ಮೊಮ್ಮಕ್ಕಳ ಬಾಯಲ್ಲಿ ಇಲ್ಲ. ಅಂಥ ಪದ ನೆನಪಿಗೆ ಬಂದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಎಂದು ಸದಸ್ಯರನ್ನು ಕೋರುತ್ತೇವೆ. ಯಾವ ಊರಿನದು, ಯಾರ ಬಾಯಲ್ಲಿ ಕೇಳಿದ್ದು, ಎಂದು ಬರೆದದ್ದು ಎಂಬುದೂ ಜೊತೆಗಿರಲಿ. ಅರ್ಥ ತಪ್ಪೆಂದು ಆಮೇಲೆ ತಿಳಿದರೆ ಹಳೆಯದನ್ನು ಅಳಿಸಬೇಡಿ. ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ದಿನಾಂಕ ಹಾಕಿ. ಮುಂದೆ ಓದುವವರಿಗೆ ಎರಡೂ ಬೇಕಾಗುತ್ತವೆ.